ನೆಲದಡಿಯ ಗಣಿ ಮತ್ತು ಒಂದು ಮಾಳಿಗೆ ಮನೆಯ ತಳಪಾಯ: ಪ್ರಕರಣ ಅಧ್ಯಯನ

ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಲ್ಲಿ, ಭೂಗತ ಚಿನ್ನದ ಗಣಿಯೊಂದಕ್ಕೆ ಹತ್ತಿರದ ಊರಿನಲ್ಲಿ, ಹಳೆಯ ಮಾಳಿಗೆ ಮನೆಯೊಂದರ ತಳಪಾಯ ಕುಸಿಯತೊಡಗಿತ್ತು. ಇದಕ್ಕೆ ಗಣಿ ಕಾರಣವೇ ಎಂದು ಪರಿಶೀಲಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸಿವಿಲ್ ಎಂಜಿನಿಯರ್. ಕಲ್ಲು, ಮಣ್ಣು, ಸುಣ್ಣದ ಹಳೆಯ ಕಟ್ಟಡಗಳ ದುರಸ್ತಿಯಲ್ಲಿಯೇ ಹೆಚ್ಚಿನ ವರ್ಷಗಳನ್ನು ಕಳೆದವನು. ಪರಿಶೀಲನೆ ಹದಿನಾಲ್ಕು ತಿಂಗಳು ನಡೆಯಿತು. ಇಂಥದೇ ಪ್ರಶ್ನೆ ಎದುರಾಗುವ ಮನೆಯವರಿಗೂ, ಕಿರಿಯ ಎಂಜಿನಿಯರುಗಳಿಗೂ ಉಪಯೋಗವಾಗಲಿ ಎಂದು ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಊರು, ಮನೆತನ, ಗಣಿ ಯಾವುದರ ಹೆಸರನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಕೆಲವು ದೂರ ಮತ್ತು ಅಳತೆಗಳನ್ನು ಅರ್ಥ ಕೆಡದಂತೆ ಸ್ವಲ್ಪ ಬದಲಿಸಿದ್ದೇನೆ.

ಮನೆ ಮತ್ತು ನೆಲ

ಮನೆಗೆ ನೂರು ವರ್ಷ ದಾಟಿದೆ. ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಒಂದಡಿಗೂ ಹೆಚ್ಚು ಮಣ್ಣು ಹೇರಿದ ಮಾಳಿಗೆ. ಪೂರ್ವಕ್ಕೆ ತಲೆಬಾಗಿಲು, ಒಳಗೆ ನಾಲ್ಕು ಕಂಬದ ಪಡಸಾಲೆ, ಅದರಾಚೆ ಅಡುಗೆ ಮನೆ ಮತ್ತು ದೇವರ ಕೋಣೆ, ಹಿಂದೆ ದನ ಕಟ್ಟುತ್ತಿದ್ದ ಜಾಗ. ಇಂಥ ಮಾಳಿಗೆಯ ಭಾರ ದೊಡ್ಡದು. ಮಳೆಗಾಲದಲ್ಲಿ ಮಣ್ಣು ನೀರು ಕುಡಿದಾಗ ಅದು ಇನ್ನೂ ಹೆಚ್ಚುತ್ತದೆ. ಆ ಭಾರವನ್ನು ನೂರು ವರ್ಷ ಹೊತ್ತದ್ದು ಮೂರೂವರೆ ಅಡಿ ಆಳದ, ಮಣ್ಣಿನಲ್ಲಿಯೇ ಕೂರಿಸಿದ ಗುಂಡುಗಲ್ಲಿನ ತಳಪಾಯ. ಅದರ ಕೆಳಗೆ ಎರೆ, ಅಂದರೆ ಕಪ್ಪು ಜೇಡಿಮಣ್ಣು.

ಎರೆಯ ಸ್ವಭಾವ ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಾದದ್ದಲ್ಲ. ಬೇಸಿಗೆಯಲ್ಲಿ ಹೊಲ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ, ಮುಂಗಾರಿನಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೊಲದಲ್ಲಿ ಕಣ್ಣಿಗೆ ಕಾಣುವ ಈ ಏರಿಳಿತ ಮನೆಯ ಕೆಳಗೂ ನಡೆಯುತ್ತದೆ ಎಂಬುದು ಮಾತ್ರ ಎಷ್ಟೋ ಬಾರಿ ಯಾರ ಮನಸ್ಸಿಗೂ ಬರುವುದಿಲ್ಲ. ಎರೆ ಭೂಮಿಯಲ್ಲಿ ಋತುವಿಗೆ ತಕ್ಕಂತೆ ಕುಗ್ಗಿ ಹಿಗ್ಗುವ ಪದರ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರಬಹುದು. ಈ ಮನೆಯ ತಳಪಾಯ ಒಂದು ಮೀಟರಿನಲ್ಲಿಯೇ ನಿಂತಿತ್ತು.

ಇನ್ನು ಗಣಿ. ಈ ಸೀಮೆ ಹಟ್ಟಿ–ಮಸ್ಕಿ ಶಿಸ್ಟ್ (ಪದರು ಪದರಾದ ಹಳೆಯ ಬಂಡೆ) ಪಟ್ಟಿಯ ಮೇಲಿದೆ. ಇಲ್ಲಿ ಚಿನ್ನದ ರೀಫುಗಳು, ಅಂದರೆ ಚಿನ್ನವಿರುವ ಕಲ್ಲಿನ ಪಟ್ಟಿಗಳು, ಉತ್ತರ-ದಕ್ಷಿಣಕ್ಕೆ ಹತ್ತಿರವಾದ ದಿಕ್ಕಿನಲ್ಲಿ ಹರಿದು, ಪಶ್ಚಿಮಕ್ಕೆ ಸುಮಾರು 70 ಡಿಗ್ರಿ ಕೋನದಲ್ಲಿ ಕಡಿದಾಗಿ ಇಳಿಯುತ್ತವೆ. ಅಗಲ ಕಡಿಮೆ, ಆಳ ಬಹಳ. ಈಗಿನ ಗಣಿಗಾರಿಕೆಗೆ ಮುಂಚೆಯೂ ಇಲ್ಲಿ ಜನ ಚಿನ್ನ ತೆಗೆದಿದ್ದಾರೆ. ಹಳೆಯ ಗುಂಡಿಗಳಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು 2,000 ವರ್ಷ ಹಿಂದಿನವೆಂದು ಪರೀಕ್ಷೆಗಳು ತೋರಿಸಿವೆ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡವನೂ ಚಿನ್ನ ಹುಡುಕಿಕೊಂಡು ಬಂದಿದ್ದ ಗಣಿ ಎಂಜಿನಿಯರನೇ. ಈ ಹಳೆಯ ಗುಂಡಿಗಳ ಮಾತನ್ನು ಇಲ್ಲಿಯೇ ಎತ್ತುತ್ತಿರುವುದಕ್ಕೆ ಕಾರಣವಿದೆ: ಅವು ಯಾವ ಗಣಿಯ ನಕ್ಷೆಯಲ್ಲಿಯೂ ಪೂರ್ತಿಯಾಗಿ ಇರುವುದಿಲ್ಲ.

ದೂರು

ಮೇ ತಿಂಗಳ ಕೊನೆಯ ವಾರ ಮೊದಲ ಸಲ ಆ ಮನೆಗೆ ಹೋದೆ. ತಲೆಬಾಗಿಲು ಅರ್ಧಕ್ಕೆ ಬಂದು ಹೊಸ್ತಿಲಿಗೆ ಹತ್ತಿ ನಿಲ್ಲುತ್ತಿತ್ತು. ಪಡಸಾಲೆಯ ಈಶಾನ್ಯದ ಕಂಬ ಉಳಿದ ಮೂರಕ್ಕಿಂತ ಒಂದು ಬೆರಳಿನಷ್ಟು ಕೆಳಗಿತ್ತು, ಅದರ ಮೇಲಿನ ತೊಲೆಗೂ ಬೋದಿಗೆಗೂ ನಡುವೆ ಬೆಳಕು ಕಾಣುತ್ತಿತ್ತು. ಹಿಂದಿನ ನೈಋತ್ಯ ಮೂಲೆಯಲ್ಲಿ ಕಿಟಕಿಯ ಮೇಲಿನಿಂದ ಮಾಳಿಗೆಯ ತನಕ ಓರೆಯಾಗಿ ಬಿರುಕು ಹರಿದಿತ್ತು. ಅದರೊಳಗೆ ನಾಣ್ಯ ಇಳಿಯುತ್ತಿತ್ತು. ಒಳಗಿನ ಗೋಡೆಗಳ ಸಿಮೆಂಟ್ ಗಿಲಾವಿನಲ್ಲಿ ಕೂದಲೆಳೆಯ ಬಿರುಕುಗಳು ಲೆಕ್ಕವಿಲ್ಲದಷ್ಟಿದ್ದವು.

ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಅವರ ಸಂಸಾರ, ಎಂಬತ್ತು ದಾಟಿದ ತಾಯಿ. ಹಿರಿಯ ಮಗನ ಮಾತು ಸ್ಪಷ್ಟವಾಗಿತ್ತು. ಗಣಿಯಲ್ಲಿ ಪಾಳಿ ಮುಗಿಯುವ ಹೊತ್ತಿಗೆ ಶಾಟ್ (ಬಂಡೆ ಒಡೆಯುವ ಸಿಡಿಮದ್ದು) ಹೊಡೆಯುತ್ತಾರೆ, ಮನೆ ಗದಗುಟ್ಟುತ್ತದೆ, ಮಾಳಿಗೆಯಿಂದ ಮಣ್ಣು ಹಾಸಿಗೆಯ ಮೇಲೆ ಉದುರುತ್ತದೆ. ಎರಡು ವರ್ಷದಿಂದ ಸದ್ದು ಹೆಚ್ಚಾಗಿದೆ, ಎರಡು ವರ್ಷದಿಂದಲೇ ಬಿರುಕೂ ಹೆಚ್ಚಾಗಿದೆ. ಇನ್ನೇನು ಸಾಕ್ಷಿ ಬೇಕು ಎಂದು ಅವರು ಕೇಳಿದರು. ಗಣಿಗೆ ಕೊಟ್ಟ ಮನವಿಗೆ ಎರಡು ಸಾಲಿನ ಉತ್ತರ ಬಂದಿತ್ತು: ಕೆಲಸ ಬಹಳ ಆಳದಲ್ಲಿ ನಡೆಯುತ್ತಿರುವುದರಿಂದ ಮೇಲಿನ ಮನೆಗಳಿಗೆ ತೊಂದರೆಯಾಗುವ ಪ್ರಶ್ನೆಯೇ ಬರುವುದಿಲ್ಲ. ನಕ್ಷೆಯಿಲ್ಲ, ಅಳತೆಯಿಲ್ಲ, ಸ್ಥಳಕ್ಕೆ ಒಬ್ಬರೂ ಬಂದಿರಲಿಲ್ಲ. ಆ ಉತ್ತರವನ್ನು ಓದಿದವರಿಗೆ ಸಿಟ್ಟು ಬರುವುದು ಸಹಜವಾಗಿತ್ತು, ನನಗೂ ಬಂತು.

ಅಲ್ಲಿಯೇ ನನ್ನ ಮೊದಲ ತಪ್ಪು ನಡೆಯಿತು. ಮನೆಯವರು ಒಂದು ಪತ್ರ ಕೇಳಿದರು. ಒಂದೇ ಭೇಟಿಯ ಆಧಾರದ ಮೇಲೆ, “ಹಾನಿಯ ಸ್ವರೂಪ ನೋಡಿದರೆ ಗಣಿಯ ಚಟುವಟಿಕೆ ಕಾರಣವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು” ಎಂದು ಬರೆದುಕೊಟ್ಟೆ. ವಾಕ್ಯ ಸುಳ್ಳಾಗಿರಲಿಲ್ಲ. ಆದರೆ ಅದನ್ನು ಓದುವವರು “ಸಾಧ್ಯತೆ” ಎಂಬುದನ್ನು ಬಿಟ್ಟು “ಗಣಿ ಕಾರಣ” ಎಂಬುದನ್ನು ಮಾತ್ರ ಓದುತ್ತಾರೆ ಎಂದು ನನಗೆ ತಿಳಿದಿರಬೇಕಿತ್ತು. ಪತ್ರ ತಹಶೀಲ್ದಾರರ ಕಚೇರಿಗೆ ಹೋಯಿತು, ನೆರಳಚ್ಚು ಊರೆಲ್ಲ ಓಡಾಡಿತು. ಮುಂದೆ ಬೇರೆ ಕಾರಣಗಳು ಕಾಣತೊಡಗಿದಾಗ, ನನ್ನ ಹಳೆಯ ವಾಕ್ಯಕ್ಕೇ ನಾನು ಉತ್ತರ ಕೊಡಬೇಕಾಯಿತು.

ಕಾಯುವ ನಿರ್ಧಾರ

ಮನೆಯವರಿಗೆ ಆಗ ಎರಡು ಸಲಹೆಗಳು ಬಂದಿದ್ದವು. ಮಳೆ ಬರುವ ಮುನ್ನ ಮನೆ ಕೆಡವಿ ಹೊಸದು ಕಟ್ಟಿ ಎಂದು ಒಬ್ಬರು ಹೇಳಿದ್ದರು. ಬಿರುಕು ದೊಡ್ಡದಾಗಿರುವಾಗಲೇ ಫೋಟೋ ತೆಗೆದು ಪರಿಹಾರಕ್ಕೆ ದಾವೆ ಹೂಡಿ ಎಂದು ಇನ್ನೊಬ್ಬರು. ಎರಡನ್ನೂ ನಾನು ಬೇಡವೆಂದೆ. ಕೆಡವಿದರೆ ಸಾಕ್ಷಿ ಹೋಗುತ್ತದೆ, ಕಾರಣ ಹಾಗೆಯೇ ನೆಲದಲ್ಲಿ ಉಳಿದು ಹೊಸ ಮನೆಯನ್ನೂ ಹಿಡಿಯುತ್ತದೆ. ಮೇ ತಿಂಗಳ ಫೋಟೋ ತೋರಿಸುವುದು ಮೇ ತಿಂಗಳ ಬಿರುಕನ್ನು ಮಾತ್ರ. ಒಂದು ಪೂರ್ತಿ ವರ್ಷ, ಬೇಸಿಗೆಯಿಂದ ಬೇಸಿಗೆಗೆ, ಬಿರುಕು ಏನು ಮಾಡುತ್ತದೆ ಎಂದು ಅಳೆಯೋಣ ಎಂದೆ. ಹಿರಿಯ ಮಗ ಒಪ್ಪಲಿಲ್ಲ, ಕಿರಿಯವರು ಒಪ್ಪಿದರು, ಕೊನೆಗೆ ತಾಯಿ “ನೂರು ವರ್ಷ ನಿಂತದ್ದು ಒಂದು ವರ್ಷ ನಿಲ್ಲುವುದಿಲ್ಲವೇ” ಎಂದ ಮೇಲೆ ತೀರ್ಮಾನವಾಯಿತು.

ಹಾಗೆಂದು ಬರಿ ನಂಬಿಕೆಯ ಮೇಲೆ ಕಾಯುವಂತಿರಲಿಲ್ಲ. ಈಶಾನ್ಯದ ಕಂಬದ ಎರಡೂ ಬದಿಗೆ ತೊಲೆಯ ಕೆಳಗೆ ನೀಲಗಿರಿ ಬಲ್ಲೆಗಳನ್ನು (ಆಸರೆಯ ಮರದ ಕಂಬಗಳನ್ನು) ಅಗಲವಾದ ಹಲಗೆಯ ಮೇಲೆ ನಿಲ್ಲಿಸಿ, ಬೆಣೆ ಹೊಡೆದು ಭಾರ ಹಂಚಿದೆವು. ನೈಋತ್ಯದ ಕೋಣೆಯಲ್ಲಿ ಮಲಗುವುದನ್ನು ನಿಲ್ಲಿಸಿದೆವು. ಮಾಳಿಗೆಯ ಮೇಲೆ ವರ್ಷವರ್ಷವೂ ಸುರಿದು ದಪ್ಪವಾಗಿದ್ದ ಮಣ್ಣಿನಲ್ಲಿ ಸುಮಾರು ಐದು ಅಂಗುಲ ತೆಗೆಸಿದೆವು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಈ ಜಿಲ್ಲೆಯಲ್ಲಿ ಎಷ್ಟು ಮಣ್ಣಿನ ಮನೆಗಳು ನೀರು ಕುಡಿದು ಕುಸಿದವು ಎಂಬುದನ್ನು ಕಂಡವರು ಈ ಕೆಲಸವನ್ನು ಮುಂದೂಡುವುದಿಲ್ಲ.

ಬಿರುಕುಗಳ ಓದು

ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಜೂನ್‌ನಲ್ಲಿ ಮಾಡಿದೆ: ಮನೆಯ ಪ್ರತಿ ಗೋಡೆಯ ಚಿತ್ರ ಬರೆದು, ಪ್ರತಿ ಬಿರುಕನ್ನೂ ಅದರ ದಿಕ್ಕು, ಉದ್ದ, ಯಾವ ತುದಿಯಲ್ಲಿ ಹೆಚ್ಚು ಅಗಲ ಎಂಬುದರೊಂದಿಗೆ ಗುರುತಿಸಿದೆ. ಗೋಡೆಯ ತುದಿ ಅಥವಾ ಮೂಲೆ ಇಳಿದರೆ ಬಿರುಕು ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗುತ್ತದೆ. ನಡುಭಾಗ ಇಳಿದರೆ ಕೆಳಗೆ ಅಗಲ, ಮೇಲೆ ಸಣ್ಣ. ಇಷ್ಟು ನೋಡಿದ ಕೂಡಲೇ ಆ ಮನೆಯಲ್ಲಿ ಒಂದಲ್ಲ, ಮೂರು ಬಗೆಯ ಬಿರುಕುಗಳಿವೆ ಎಂಬುದು ಕಂಡಿತು. ನೈಋತ್ಯದ್ದು ಮೇಲೆ ಅಗಲ. ಪಡಸಾಲೆಯ ಒಳಗೋಡೆಯದ್ದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತ, ಕೆಳಗೆ ಅಗಲ. ಗಿಲಾವಿನ ಕೂದಲೆಳೆಗಳು ಗೋಡೆಯ ಕಲ್ಲಿನವರೆಗೆ ಹೋಗಿರಲೇ ಇಲ್ಲ. ಗಿಲಾವು ಎಬ್ಬಿಸಿ ನೋಡಿದಾಗ ಹಿಂದಿನ ಮಣ್ಣಿನ ಗೋಡೆ ಅಲ್ಲಲ್ಲಿ ಒದ್ದೆಯಾಗಿ, ಹಿಡಿತ ಬಿಟ್ಟು ನಿಂತಿತ್ತು. ಸುಣ್ಣ-ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಹೀಗೇ ಆಗುತ್ತದೆ. ರಾತ್ರಿ ಶಾಟ್ ಆದಾಗ ಹಾಸಿಗೆಯ ಮೇಲೆ ಉದುರುತ್ತಿದ್ದದ್ದರಲ್ಲಿ ಮಾಳಿಗೆಯ ಮಣ್ಣಿನೊಂದಿಗೆ ಈ ಸಡಿಲ ಗಿಲಾವೂ ಇತ್ತು.

ಮುಖ್ಯವಾದ ಬಿರುಕುಗಳ ಎರಡೂ ಬದಿಗೆ ಸ್ಟೀಲ್ ಪಿನ್ನುಗಳನ್ನು ಕೂರಿಸಿ, ಅವುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಪ್ರತಿ ತಿಂಗಳು ಒಂದನೆಯ ತಾರೀಖು ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯುವ ಏರ್ಪಾಡಾಯಿತು. ಬಿರುಕಿಗೆ ಗಾಜಿನ ಪಟ್ಟಿ ಅಂಟಿಸುವ ಹಳೆಯ ರೂಢಿಯನ್ನು ಬಿಟ್ಟೆ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದಷ್ಟೇ ತಿಳಿಯುತ್ತದೆ. ಎಷ್ಟು ಅಲುಗಿತು, ಮತ್ತೆ ಹಿಂದಕ್ಕೆ ಬಂತೇ ಎಂಬುದು ತಿಳಿಯುವುದಿಲ್ಲ, ನಮಗೆ ಬೇಕಾಗಿದ್ದದ್ದು ಅದೇ. ಶಾಟ್ ಕೇಳಿದ ಹೊತ್ತನ್ನು ಬರೆದಿಡುವ ಕೆಲಸವನ್ನು ಎಂಟನೆಯ ತರಗತಿಯ ಮೊಮ್ಮಗಳು ವಹಿಸಿಕೊಂಡಳು. ಗೆರೆ ಹೊಡೆದ ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ನಿಮಿಷ, “ಸಣ್ಣದು” ಅಥವಾ “ದೊಡ್ಡದು”, “ಮಣ್ಣು ಬಿತ್ತು” ಅಥವಾ “ಬೀಳಲಿಲ್ಲ” ಎಂದು ಐದು ಅಂಕಣ. ಮುಂದೆ ಕಂಪನಮಾಪಕದ ದಾಖಲೆಯನ್ನು ಹೊಂದಿಸಿ ನೋಡುವಾಗ ಈ ನೋಟ್‌ಬುಕ್ಕಿನಷ್ಟು ನೆರವು ಬೇರೆ ಯಾವ ಕಾಗದದಿಂದಲೂ ಸಿಗಲಿಲ್ಲ.

ಮೊದಲ ತಿರುವು ಅಕ್ಟೋಬರ್ ಒಂದಕ್ಕೆ ಬಂತು. ಜೂನ್‌ನಲ್ಲಿ 9 ಮಿ.ಮೀ. ಇದ್ದ ನೈಋತ್ಯದ ಬಿರುಕು, ಜುಲೈಯಿಂದ ತಿಂಗಳು ತಿಂಗಳಿಗೂ ಮುಚ್ಚುತ್ತ ಬಂದು 3 ಮಿ.ಮೀ.ಗೆ ಇಳಿದಿತ್ತು. ಆ ನಾಲ್ಕೂ ತಿಂಗಳು ಗಣಿಯಲ್ಲಿ ಶಾಟ್ ನಿಂತಿರಲಿಲ್ಲ; ನೋಟ್‌ಬುಕ್ಕಿನ ಪುಟಗಳು ತುಂಬಿದ್ದವು. ನೆಲದಡಿ ಕಲ್ಲು ತೆಗೆದ ಪೊಳ್ಳಿನಿಂದ ಇಳಿದ ಮೂಲೆ ಮಳೆ ಬಂದ ಮಾತ್ರಕ್ಕೆ ಮೇಲೆದ್ದು ಬರುವುದಿಲ್ಲ. ಆ ಮೂಲೆಯನ್ನು ಇಳಿಸಿ ಏರಿಸುತ್ತಿದ್ದದ್ದು ಎರೆ.

ಹಿರಿಯ ಮಗನಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಿಗೆಯಾಗುತ್ತಿರಲಿಲ್ಲ. ಆ ಮೂಲೆಯಲ್ಲಿ ತೋಡಿದ ಗುಂಡಿಯ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಹತ್ತು ಹತ್ತು ಗ್ರಾಂ ತೂಗಿ, ಎರಡು ಗಾಜಿನ ಅಳತೆ ನಳಿಗೆಗಳಲ್ಲಿ ಹಾಕಿ, ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ನೀರು ತುಂಬಿ ಅವರ ಪಡಸಾಲೆಯ ಗೂಡಿನಲ್ಲಿಯೇ ಇಟ್ಟು ಬಂದೆ. ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಮಾಡುವ ಪರೀಕ್ಷೆಯೇ ಅದು. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. ಮರುದಿನ ನೋಡಿದಾಗ ಸೀಮೆಎಣ್ಣೆಯ ನಳಿಗೆಯಲ್ಲಿ ಮಣ್ಣು ಹತ್ತರ ಗೆರೆಯಲ್ಲಿ ಕುಳಿತಿತ್ತು, ನೀರಿನದರಲ್ಲಿ ಹದಿನೆಂಟಕ್ಕೆ ಏರಿತ್ತು. ಅವರು ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಇದು ಮನೆಯ ಕೆಳಗೂ ಇಷ್ಟೇ ಏಳುತ್ತದೆಯೇ?” ಎಂದು ಕೇಳಿದರು. ಮೇಲೆ ಭಾರ ಇರುವುದರಿಂದ ಅಷ್ಟು ಏಳುವುದಿಲ್ಲ, ಆದರೆ ಏಳುತ್ತದೆ ಎಂದೆ.

ಕಂಬದ ಕೆಳಗೆ

ಪಡಸಾಲೆಯ ಬಿರುಕು ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಮಳೆಗಾಲದಲ್ಲಿ ಮುಚ್ಚುವ ಬದಲು ಅದು ಹೆಚ್ಚಿತು. ಅದೂ ಒಂದೇ ಸಮನಾಗಿ ಅಲ್ಲ. ಜೋರು ಮಳೆಯಾದ ವಾರದಲ್ಲಿ ಒಮ್ಮೆಗೇ ಅರ್ಧ, ಮುಕ್ಕಾಲು ಮಿ.ಮೀ. ಬೆಳೆದು, ಮತ್ತೆ ಸುಮ್ಮನಾಗುತ್ತಿತ್ತು. ನಡುಭಾಗ ಕುಸಿಯುತ್ತಿದೆ, ನೀರು ಹೋದಾಗ ಕುಸಿಯುತ್ತಿದೆ, ಕುಸಿದದ್ದು ಹಿಂದಕ್ಕೆ ಬರುತ್ತಿಲ್ಲ. ಕೆಳಗೆ ಪೊಳ್ಳು ಇರುವ ನೆಲದ ಲಕ್ಷಣ ಇದು. ಗಣಿಯ ನಕ್ಷೆಯಲ್ಲಿರದ ಹಳೆಯ ಕಾಲದ ಗುಂಡಿಯೊಂದು ಮನೆಯ ಕೆಳಗೇ ಇದೆಯೇ ಎಂಬ ಭಯ ನನಗೆ ಹುಟ್ಟಿದ್ದು ಆಗಲೇ. ಬಲ್ಲೆಗಳನ್ನು ಇಮ್ಮಡಿ ಮಾಡಿಸಿ, ನೆಲ ಕೊರೆದು ನೋಡಲು ಕೈ ಆಗರ್ ತರಿಸಿದೆ.

ಕೊರೆಯುವ ದಿನ ತಾಯಿ ಗೋಡೆಗೆ ಆತು ಕುಳಿತು ನೋಡುತ್ತಿದ್ದರು. ಕಂಬದಿಂದ ಎರಡಡಿ ದೂರದಲ್ಲಿ ಗುರುತು ಮಾಡಿದಾಗ, “ಅಲ್ಲಿ ಹಗೇವು ಇತ್ತಲ್ಲ” ಎಂದರು. ಮಕ್ಕಳಿಬ್ಬರಿಗೂ ಅದು ಗೊತ್ತಿರಲಿಲ್ಲ. ಅವರು ಸೊಸೆಯಾಗಿ ಬಂದಾಗ ಪಡಸಾಲೆಯ ನೆಲದಡಿ ಜೋಳ ತುಂಬುವ ಹಗೇವು ಬಳಕೆಯಲ್ಲಿತ್ತು. 1972ರ ಬರಗಾಲದಲ್ಲಿ ತಳದವರೆಗೆ ಬರಿದು ಮಾಡಿದ ಮೇಲೆ ಮತ್ತೆ ತುಂಬಲಿಲ್ಲ. ಇಲಿ ಸೇರುತ್ತವೆ ಎಂದು ಬೂದಿ, ಕಸ, ಹೊಟ್ಟು ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಗಚ್ಚು ಹಾಕಿದರು. ನೆಲಕ್ಕೆ ಕಡಪ ಕಲ್ಲು ಹಾಸಿದ್ದು ಅದಾದ ಎಷ್ಟೋ ವರ್ಷದ ಮೇಲೆ.

ಆಗರ್ ಮೊದಲ ಎರಡಡಿ ಗಟ್ಟಿ ಮಣ್ಣಿನಲ್ಲಿ ತಿಣುಕುತ್ತ ಇಳಿಯಿತು. ಆಮೇಲೆ ತಿರುಗಿಸುತ್ತಿದ್ದ ಇಬ್ಬರ ತೋಳಿಗೂ ಭಾರವೇ ಇಲ್ಲದಂತೆ ತಾನಾಗಿ ಕೆಳಗಿಳಿಯತೊಡಗಿತು. ಮೇಲೆ ಬಂದದ್ದು ಕಪ್ಪು ಬೂದಿ, ಕೊಳೆತ ಜೋಳದ ಹೊಟ್ಟು, ಒಡೆದ ಗಡಿಗೆಯ ಚೂರು, ಹಿಂಡಿದರೆ ನೀರು ಬರುವ ಹಸಿ. ತಾಯಿ ಹೊಟ್ಟನ್ನು ಬೆರಳಲ್ಲಿ ತಿಕ್ಕಿ ಮೂಸಿದರು, ಮಾತಾಡಲಿಲ್ಲ. ಹನ್ನೊಂದಡಿಗೆ ಗರಸು (ಗಟ್ಟಿ ಕಲ್ಲುಮಣ್ಣು) ತಾಗಿತು. ಸುತ್ತಲೂ ಇನ್ನು ಐದು ಕಡೆ ಕೊರೆದು ನೋಡಿದಾಗ ಅದರ ಆಕಾರ ಸಿಕ್ಕಿತು: ಕತ್ತು ಸಣ್ಣ, ಹೊಟ್ಟೆ ದೊಡ್ಡದು, ಕೊಡದ ಹಾಗೆ. ಹೊಟ್ಟೆಯ ಒಂದು ಬದಿ ಈಶಾನ್ಯ ಕಂಬದ ತಳಗಲ್ಲಿನ ಅಡಿಗೂ ಒಳಗೋಡೆಯ ಅಡಿಗೂ ಚಾಚಿತ್ತು.

ಐವತ್ತು ವರ್ಷ ಸುಮ್ಮನಿದ್ದ ಹಗೇವು ಈಗೇಕೆ ಕುಸಿಯಿತು ಎಂಬ ಪ್ರಶ್ನೆಗೆ ಉತ್ತರ ಮನೆಯ ಮುಂದೆಯೇ ಇತ್ತು. ಎರಡು ವರ್ಷದ ಹಿಂದೆ ಬೀದಿಗೆ ಸಿಸಿ ರಸ್ತೆಯಾಗಿತ್ತು. ಹಳೆಯ ರಸ್ತೆಯ ಮೇಲೆಯೇ ಕಾಂಕ್ರೀಟ್ ಹಾಕಿದ್ದರಿಂದ ರಸ್ತೆ ಮನೆಯ ಕಟ್ಟೆಗಿಂತ ಅರ್ಧ ಅಡಿ ಎತ್ತರವಾಗಿ, ಚರಂಡಿ ಇಲ್ಲದೆ ಬೀದಿಯ ಮಳೆನೀರು ಗೋಡೆಗೆ ಬಂದು ನಿಲ್ಲುತ್ತಿತ್ತು. ಅದೇ ವರ್ಷ ಮನೆ ಮನೆಗೆ ಗಂಗೆ ಯೋಜನೆಯ ನಲ್ಲಿ ಬಂದಿತ್ತು; ಪಾತ್ರೆ ತೊಳೆಯುವ ಜಾಗ ಹಿತ್ತಿಲಿನಿಂದ ಮುಂಬಾಗಿಲ ಪಕ್ಕಕ್ಕೆ, ಈಶಾನ್ಯದ ಗೋಡೆಯ ಹೊರಗೆ ಬಂದಿತ್ತು. ನೀರಿನ ಎರಡು ದಾರಿಗಳೂ ಹಗೇವಿನ ಕಡೆಗೇ ಇದ್ದವು. ಗಣಿಯ ಸದ್ದು ಹೆಚ್ಚಿದ್ದೂ ಆ ಎರಡು ವರ್ಷದಲ್ಲಿಯೇ ಎಂಬುದು ನಿಜ. ಹಿರಿಯ ಮಗ ಹೇಳಿದ ಕಾಲದ ಲೆಕ್ಕದಲ್ಲಿ ಸುಳ್ಳಿರಲಿಲ್ಲ. ಶಬ್ದ ಮಾಡುವ ಕಾರಣ ನೆನಪಿನಲ್ಲಿ ಉಳಿದಿತ್ತು, ಸದ್ದಿಲ್ಲದೆ ಇಂಗುವ ನೀರು ಉಳಿದಿರಲಿಲ್ಲ. ತಾಯಿಯನ್ನು ನಾನು ಮೇ ತಿಂಗಳಲ್ಲಿಯೇ ಕೂರಿಸಿಕೊಂಡು ಮನೆಯ ಚರಿತ್ರೆ ಕೇಳಿದ್ದರೆ ನಾಲ್ಕು ತಿಂಗಳು ಮುಂಚೆಯೇ ಇದು ತಿಳಿಯುತ್ತಿತ್ತು. ಅದರ ನಂತರ ಯಾವ ಹಳೆಯ ಮನೆಗೆ ಹೋದರೂ, ಅಳತೆ ಪಟ್ಟಿ ಬಿಚ್ಚುವ ಮುನ್ನ ಆ ಮನೆಯ ಹಿರಿಯ ಹೆಣ್ಣುಮಕ್ಕಳೊಂದಿಗೆ ಒಂದು ಗಂಟೆ ಕೂರುತ್ತೇನೆ.

ಗಣಿಯ ಪಾಲು

ಎರಡು ಕಾರಣ ಸಿಕ್ಕವು ಎಂದ ಮಾತ್ರಕ್ಕೆ ಮೂರನೆಯದು ಇಲ್ಲವೆಂದಾಗುವುದಿಲ್ಲ. ಗಣಿಯಿಂದ ಮೇಲಿನ ಮನೆಗೆ ತೊಂದರೆ ಎರಡು ದಾರಿಯಲ್ಲಿ ಬರಬಹುದು: ತೆಗೆದ ಜಾಗದ ಕಡೆಗೆ ನೆಲ ಇಳಿಯುವುದು, ಮತ್ತು ಶಾಟ್‌ನ ಕಂಪನ. ಎರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಲ್ಲಿ ಮಿತಿಗಳಿವೆ. ಗಣಿಯವರದಲ್ಲದ ಸಾಮಾನ್ಯ ವಾಸದ ಮನೆಗಳ ಬಳಿ ನೆಲದ ಕಂಪನದ ವೇಗ, ಆವರ್ತನ (ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆ ಎಂಬ ಎಣಿಕೆ) 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 5 ಮಿ.ಮೀ., 8ರಿಂದ 25ರ ನಡುವೆ 10 ಮಿ.ಮೀ., 25ಕ್ಕಿಂತ ಹೆಚ್ಚಿದ್ದರೆ 15 ಮಿ.ಮೀ. ದಾಟಬಾರದು. ಐತಿಹಾಸಿಕ ಮತ್ತು ಸೂಕ್ಷ್ಮ ಕಟ್ಟಡಗಳಿಗೆ ಇದೇ ಮಿತಿ 2, 5 ಮತ್ತು 10. ಮಣ್ಣಿನ ಮೇಲೆ ಕೂತ, ಈಗಾಗಲೇ ಬಿರುಕು ಬಿಟ್ಟ ಮಾಳಿಗೆ ಮನೆಯನ್ನು ಸಿಮೆಂಟ್ ಮನೆಯ ಸಾಲಿಗೆ ಸೇರಿಸುವುದು ನನಗೆ ಸರಿಕಾಣಲಿಲ್ಲ. ಸೂಕ್ಷ್ಮ ಕಟ್ಟಡದ ಮಿತಿಯನ್ನೇ ಹಿಡಿಯುತ್ತೇನೆ ಎಂದು ಗಣಿಯವರಿಗೆ ಮೊದಲೇ ಬರೆದು ತಿಳಿಸಿದೆ. ಅಳೆದ ಮೇಲೆ ಮಿತಿ ಆಯ್ದರೆ ಯಾರೂ ನಂಬುವುದಿಲ್ಲ. ನವೆಂಬರ್‌ನಲ್ಲಿ ಹತ್ತು ದಿನ, ಎರಡೂ ಕಡೆಯವರ ಎದುರಿನಲ್ಲಿ, ತಳಪಾಯದ ಪಕ್ಕದ ನೆಲದಲ್ಲಿ ಹೂತು ಕಂಪನಮಾಪಕ ಇಟ್ಟೆವು. ಯಾವ ದಿನ ಅಳೆಯುತ್ತೇವೆ ಎಂಬುದು ಗೊತ್ತಿದ್ದರೆ ಸಣ್ಣ ಶಾಟ್ ಹೊಡೆಯುತ್ತಾರೆ ಎಂದು ಊರವರು ಅನುಮಾನಪಟ್ಟಾಗ, ನೋಟ್‌ಬುಕ್ಕಿನ ಹಿಂದಿನ ತಿಂಗಳುಗಳ “ದೊಡ್ಡದು”ಗಳೊಂದಿಗೆ ಈ ಹತ್ತು ದಿನದ ನಮೂದುಗಳನ್ನು ಹೋಲಿಸಿ ತೋರಿಸಿದೆವು. ದೊಡ್ಡವು ಅಷ್ಟೇ ಬಾರಿ ಬಂದಿದ್ದವು. ದಾಖಲಾದ ಅತಿ ಹೆಚ್ಚಿನ ವೇಗ ಸೆಕೆಂಡಿಗೆ 1.6 ಮಿ.ಮೀ., ಆವರ್ತನ 38 ಹರ್ಟ್ಸ್. ಸೂಕ್ಷ್ಮ ಕಟ್ಟಡಕ್ಕಿರುವ ಅತಿ ಬಿಗಿಯಾದ ಮಿತಿಗಿಂತಲೂ ಅದು ಕಡಿಮೆಯೇ. ಆದರೆ ಮನುಷ್ಯನ ಮೈಗೆ ಸೆಕೆಂಡಿಗೆ 1 ಮಿ.ಮೀ.ಗಿಂತ ಕಡಿಮೆ ಕಂಪನವೂ ತಿಳಿಯುತ್ತದೆ. ರಾತ್ರಿ ನಿಶ್ಶಬ್ದದಲ್ಲಿ ಮಲಗಿದವರಿಗೆ ಮನೆ ಗದಗುಟ್ಟಿತು ಎನ್ನಿಸಿದ್ದು ಅನುಭವವೇ ಹೊರತು ಕಲ್ಪನೆಯಲ್ಲ. ವರದಿಯಲ್ಲಿ ಈ ಮಾತನ್ನು ಒತ್ತಿ ಬರೆದೆ.

ನಕ್ಷೆ ಪಡೆಯುವುದಕ್ಕೆ ಹೆಚ್ಚು ಕಾಲ ಹಿಡಿಯಿತು. ಮೂರನೆಯ ಪತ್ರದ ನಂತರ ಗಣಿಯ ಸರ್ವೇಯರ್ ಒಬ್ಬರು ಮೇಲ್ಮೈ ನಕ್ಷೆಯ ಮೇಲೆ ಒಳಗಿನ ಕೆಲಸದ ನಕ್ಷೆಯನ್ನು ಕೂರಿಸಿಕೊಂಡು ಬಂದರು. ಪಡಸಾಲೆಯಲ್ಲಿ ಹಾಳೆ ಹರಡಿ, ಮನೆ ಎಲ್ಲಿದೆ, ರೀಫ್ ಎಲ್ಲಿ ಮೇಲೆ ಬರುತ್ತದೆ, ಎಲ್ಲಿಯವರೆಗೆ ತೆಗೆದಿದ್ದಾರೆ, ಎಷ್ಟನ್ನು ಮರಳಿನಿಂದ ತುಂಬಿದ್ದಾರೆ ಎಂದು ಒಂದು ಮಧ್ಯಾಹ್ನ ಕುಳಿತು ವಿವರಿಸಿದರು. ಆ ಮಧ್ಯಾಹ್ನ ಮೊದಲನೆಯ ಮನವಿಗೇ ಒದಗಿದ್ದರೆ ಊರಿನ ಅರ್ಧ ಸಿಟ್ಟು ಇರುತ್ತಿರಲಿಲ್ಲ. ರೀಫ್ ಮೇಲ್ಮೈಗೆ ಬರುವ ಗೆರೆ ಮನೆಯಿಂದ ಪಶ್ಚಿಮಕ್ಕೆ ಸುಮಾರು 350 ಮೀಟರ್ ದೂರದಲ್ಲಿತ್ತು, ಮತ್ತು ರೀಫ್ ಪಶ್ಚಿಮಕ್ಕೇ ವಾಲಿ ಇಳಿಯುತ್ತಿತ್ತು. 70 ಡಿಗ್ರಿ ಇಳಿಜಾರಿನಲ್ಲಿ ಪ್ರತಿ 100 ಮೀಟರ್ ಆಳಕ್ಕೆ ಅದು ಸುಮಾರು 36 ಮೀಟರ್ ಪಶ್ಚಿಮಕ್ಕೆ ಸರಿಯುತ್ತದೆ. ಗಣಿ ಆಳಕ್ಕಿಳಿದಷ್ಟೂ ಈ ಮನೆಯಿಂದ ದೂರವಾಗುತ್ತಿತ್ತು. ಕಡಿದಾದ ರೀಫ್ ತೆಗೆದಾಗ ನೆಲ ಸಡಿಲಾಗುವುದು ಹೆಚ್ಚಾಗಿ ಅದರ ಮೇಲೆ ವಾಲಿದ ಬದಿಯ ಬಂಡೆಯಲ್ಲಿ, ಅಂದರೆ ಇಲ್ಲಿ ಪಶ್ಚಿಮದ ಕಡೆ. ಇತರರ ಕಟ್ಟಡಗಳ 45 ಮೀಟರ್ ಒಳಗೆ ಮುಂಚಿತ ಲಿಖಿತ ಅನುಮತಿಯಿಲ್ಲದೆ ಕೆಲಸ ನಡೆಸಬಾರದು ಎಂಬುದು 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿರುವ ಮಾತು. ಈ ಮನೆಯ ಮಟ್ಟಿಗೆ ಆ ಪ್ರಶ್ನೆಯೇ ಏಳಲಿಲ್ಲ.

ನಕ್ಷೆಯನ್ನು ನಂಬಿ ಕೂರದೆ ನೆಲವನ್ನೇ ಕೇಳಲು ಲೆವೆಲ್ ಸರ್ವೆ, ಅಂದರೆ ನೆಲದ ಎತ್ತರದ ಅಳತೆ, ನಡೆಸಿದ್ದೆವು. ರೀಫಿಗೆ ಅಡ್ಡಲಾಗಿ, ಮನೆಯಿಂದ ಊರ ಪಶ್ಚಿಮದ ತುದಿಯವರೆಗೆ ಬೀದಿಯುದ್ದಕ್ಕೂ ಇಪ್ಪತ್ತೆರಡು ಗುರುತುಗಳು. ಆಧಾರಬಿಂದುವಾಗಿ ಮೊದಲು ಗುಡಿಯ ಕಟ್ಟೆಯನ್ನು ಆಯ್ದಿದ್ದೆ. ಗುಡಿಯೂ ಎರೆಯ ಮೇಲೆಯೇ ಇದೆ, ಅದೂ ಏರಿಳಿಯುತ್ತದೆ ಎಂದು ಹೊಳೆದ ಮೇಲೆ, ಊರ ಹೊರಗೆ ನೆಲದಿಂದ ಎದ್ದ ಮೂಲಬಂಡೆಗೆ ಉಳಿಯಿಂದ ಗುರುತು ಹೊಡೆಸಿ ಅಲ್ಲಿಂದ ಅಳೆದೆ. ಜೂನ್, ಡಿಸೆಂಬರ್, ಮತ್ತೆ ಜೂನ್. ಹತ್ತೊಂಬತ್ತು ಗುರುತುಗಳು ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿದವು. ಮನೆಯ ಸುತ್ತಲಿನವೂ ಅವುಗಳಲ್ಲಿಯೇ ಇದ್ದವು.

ಉಳಿದ ಮೂರು ಗುರುತುಗಳು ಏರಲಿಲ್ಲ. ಅವು ಬೀದಿಯ ಪಶ್ಚಿಮದ ತುದಿಯಲ್ಲಿ, ಜಾಲಿ ಬೆಳೆದ ಬೀಳು ನೆಲದ ಅಂಚಿನಲ್ಲಿದ್ದವು. ಡಿಸೆಂಬರಿಗೆ 11 ಮಿ.ಮೀ., ಮುಂದಿನ ಜೂನ್‌ಗೆ 17 ಮಿ.ಮೀ. ಇಳಿದಿದ್ದವು. ಜಾಲಿ ಕಡಿಸಿ ನೋಡಿದಾಗ ರೀಫ್‌ನ ಗೆರೆಯಲ್ಲಿಯೇ ಉದ್ದಕ್ಕೆ ತಗ್ಗು, ಬದಿಯಲ್ಲಿ ಒಡೆದ ಬಿಳಿಗಲ್ಲಿನ ರಾಶಿ. ಬಹಳ ಹಿಂದೆ ತೋಡಿ, ತಾನಾಗಿ ತುಂಬಿಕೊಂಡಿದ್ದ ಹಳೆಯ ಗುಂಡಿ. ಅದರ ಪಕ್ಕದ ಹೊಸ ಬಡಾವಣೆಯಲ್ಲಿ ಎರಡು ಸಣ್ಣ ಮನೆಗಳು ಎದ್ದಿದ್ದವು. ಅವರು ಯಾವ ಮನವಿಗೂ ಸಹಿ ಹಾಕಿರಲಿಲ್ಲ, ನನ್ನನ್ನು ಕರೆದವರೂ ಅವರಲ್ಲ. ವರದಿಯಲ್ಲಿ ಇದನ್ನು ಸೇರಿಸಬೇಕೇ ಎಂದು ನಾನು ಯೋಚಿಸಲಿಲ್ಲ. ಆ ವಾರವೇ ಪಂಚಾಯಿತಿಗೂ, ಗಣಿಗೂ, ಬಳ್ಳಾರಿಯಲ್ಲಿರುವ ಗಣಿ ಸುರಕ್ಷತಾ ಕಚೇರಿಗೂ ಅಳತೆಗಳ ಸಮೇತ ಬರೆದೆ. ತಗ್ಗಿಗೆ ಬೇಲಿ ಬಂತು, ಒಂದು ಸಂಸಾರವನ್ನು ಬೇರೆ ಕಡೆ ಇರಿಸಿದರು, ತುಂಬುವ ಕೆಲಸ ಶುರುವಾಯಿತು.

ತೀರ್ಮಾನ ಮತ್ತು ದುರಸ್ತಿ

ಜುಲೈಯಲ್ಲಿ ಕೊಟ್ಟ ವರದಿಯಲ್ಲಿ, ಈ ಮನೆಯ ತಳಪಾಯದ ಹಾನಿಗೆ ಎರೆಯ ಋತುಮಾನದ ಚಲನೆ ಮತ್ತು ನೀರು ಹೊಕ್ಕ ಹಗೇವು ಕಾರಣ, ಗಣಿಯ ಅಗೆತ ಕಾರಣವಲ್ಲ, ಕಂಪನದಿಂದ ಸಡಿಲ ಗಿಲಾವು ಉದುರುತ್ತಿದ್ದದ್ದು ನಿಜವಾದರೂ ತಳಪಾಯಕ್ಕೆ ಅದರಿಂದ ಪೆಟ್ಟಾಗಿಲ್ಲ ಎಂದು ಬರೆದೆ. ನನ್ನ ಮೊದಲ ಪತ್ರವನ್ನು ಹಿಂಪಡೆದಿರುವುದಾಗಿಯೂ, ಅದನ್ನು ಸಾಕಷ್ಟು ಪರೀಕ್ಷೆಯಿಲ್ಲದೆ ಬರೆದದ್ದೆಂದೂ ಅದೇ ವರದಿಯ ಮೊದಲ ಪುಟದಲ್ಲಿ ಸೇರಿಸಿದೆ. ಹಿರಿಯ ಮಗ ಎರಡು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಪರಿಹಾರ ಸಿಗುತ್ತದೆ ಎಂದು ನಂಬಿಸಿದವರಲ್ಲಿ ನಾನೂ ಒಬ್ಬನಾಗಿದ್ದರಿಂದ ಆ ಮೌನ ನನಗೆ ಸಲ್ಲಬೇಕಾದದ್ದೇ ಆಗಿತ್ತು.

ಹಗೇವಿನ ದುರಸ್ತಿ ಮಾತ್ರ ವರದಿಗೆ ಕಾಯಲಿಲ್ಲ. ಜನವರಿಯಲ್ಲಿ, ನೆಲ ತೀರಾ ಹಸಿಯೂ ಅಲ್ಲದ, ಬಾಯಿ ಬಿಟ್ಟೂ ಇಲ್ಲದ ಹೊತ್ತಿನಲ್ಲಿ ಕೈಗೆತ್ತಿಕೊಂಡೆವು. ಭಾರವನ್ನೆಲ್ಲ ಬಲ್ಲೆಗಳ ಮೇಲೆ ತೆಗೆದುಕೊಂಡು, ಕತ್ತಿನಿಂದ ಬೂದಿ-ಹೊಟ್ಟನ್ನು ಬುಟ್ಟಿಯಲ್ಲಿ ಎತ್ತಿ ಖಾಲಿ ಮಾಡಿ, ಗರಸಿಗೆ ಸುಣ್ಣ ಬೆರೆಸಿ ಅರ್ಧರ್ಧ ಅಡಿಯ ಪದರದಲ್ಲಿ ದಿಮ್ಮಸು ಹೊಡೆಯುತ್ತ ಮೇಲೆ ಬಂದೆವು. ಕಾಂಕ್ರೀಟ್ ಸುರಿದುಬಿಡಿ, ಒಂದೇ ದಿನದ ಕೆಲಸ ಎಂದು ಮೇಸ್ತ್ರಿ ಹೇಳಿದರು. ಮೆತ್ತಗಿನ ನೆಲದ ನಡುವೆ ಕಲ್ಲಿನಂಥ ಕಂಬ ನಿಲ್ಲಿಸಿದರೆ ಸುತ್ತಲಿನ ಎರೆ ಏರಿಳಿಯುವಾಗ ಅದೊಂದೇ ಅಲುಗದೆ ನಿಂತು ಗೋಡೆಯನ್ನು ಹೊಸದಾಗಿ ಸೀಳುತ್ತದೆ ಎಂದು ಒಪ್ಪಿಸಬೇಕಾಯಿತು. ಕಂಬದ ತಳಗಲ್ಲನ್ನು ಅಗಲ ಮಾಡಿ ಕೂರಿಸಿದೆವು. ಪಾತ್ರೆ ತೊಳೆಯುವ ಜಾಗ ಹಿತ್ತಿಲಿಗೆ ಮರಳಿತು. ಪಂಚಾಯಿತಿಯವರು ಮನೆಯ ಮುಂದೆ ಚರಂಡಿ ತೆಗೆಸಿದರು. ಮನೆಯ ಸುತ್ತ ನಾಲ್ಕಡಿ ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ ಕಲ್ಲು ಹಾಸಿ, ಮಳೆಗೂ ಬಿಸಿಲಿಗೂ ತಳಪಾಯದ ಅಂಚಿನ ಮಣ್ಣು ನೇರವಾಗಿ ಸಿಗದಂತೆ ಮಾಡಿದೆವು. ಸಿಮೆಂಟ್ ಗಿಲಾವು ಕೆತ್ತಿಸಿ ಸುಣ್ಣದ ಗಿಲಾವು ಮಾಡಿದ್ದು ಕೊನೆಗೆ. ನೈಋತ್ಯದ ಗೋಡೆಗೆ ಬಿರುಕಿನುದ್ದಕ್ಕೂ ಎರಡಡಿಗೊಂದರಂತೆ, ಎರಡೂ ಬದಿಯನ್ನು ಹಿಡಿದು ಕಟ್ಟುವ ಕಟ್ಟುಗಲ್ಲು ಕೂರಿಸಿದೆವು, ಅಷ್ಟೇ. ಆ ಮೂಲೆಯ ತಳಪಾಯವನ್ನು ಆಳ ಮಾಡುವ ಗೋಜಿಗೆ ಹೋಗಲಿಲ್ಲ, ಏಕೆಂದರೆ ಒಂದು ಮೂಲೆಯನ್ನು ಮಾತ್ರ ಗಟ್ಟಿ ನೆಲಕ್ಕೆ ಇಳಿಸಿದರೆ ಉಳಿದ ಮನೆ ಅದನ್ನು ಬಿಟ್ಟು ಅಲುಗುತ್ತದೆ.

ಗಣಿಯವರು ಶಾಟ್‌ನ ಸಮಯವನ್ನು ಪಂಚಾಯಿತಿಯ ಫಲಕದಲ್ಲಿ ಬರೆಸಲು ಒಪ್ಪಿದರು, ಮತ್ತು ಹೊಸ ಕಡೆ ಕೆಲಸ ಶುರುಮಾಡುವ ಮುಂಚೆ ಹತ್ತಿರದ ಮನೆಗಳ ಈಗಿನ ಸ್ಥಿತಿಯನ್ನು ಚಿತ್ರ ಸಮೇತ ದಾಖಲಿಸಿ ಮನೆಯವರಿಗೊಂದು ಪ್ರತಿ ಕೊಡಲೂ ಒಪ್ಪಿದರು. ಇಂಥ ದಾಖಲೆಯೊಂದು ಮೊದಲೇ ಇದ್ದಿದ್ದರೆ ಈ ಪ್ರಕರಣಕ್ಕೆ ಹದಿನಾಲ್ಕು ತಿಂಗಳು ಬೇಕಾಗುತ್ತಿರಲಿಲ್ಲ. ಗಣಿಯ ಹತ್ತಿರ ಮನೆಯುಳ್ಳವರು ಯಾರಿಗೂ ಕಾಯದೆ ತಾವೇ ವರ್ಷಕ್ಕೆ ಎರಡು ಸಲ, ಮೇ ಮತ್ತು ಅಕ್ಟೋಬರ್‌ನಲ್ಲಿ, ಬಿರುಕುಗಳ ಪಕ್ಕಕ್ಕೆ ಅಳತೆಪಟ್ಟಿ ಹಿಡಿದು ತಾರೀಖಿನೊಂದಿಗೆ ಫೋಟೋ ತೆಗೆದಿಡುವುದು ಒಳ್ಳೆಯದು. ಮುಂದೆ ಗಣಿಯಿಂದಲೇ ಹಾನಿಯಾದರೆ ಅದನ್ನು ತೋರಿಸಿಕೊಡುವುದೂ ಆ ಫೋಟೋಗಳೇ.

ಪಿನ್ನುಗಳನ್ನು ತೆಗೆದಿಲ್ಲ. ಕಳೆದ ಮೇ ತಿಂಗಳಲ್ಲಿ ಹೋದಾಗ ನೈಋತ್ಯದ ಬಿರುಕು 4 ಮಿ.ಮೀ. ಇತ್ತು, ಪಡಸಾಲೆಯದು ಒಂದೂವರೆ ವರ್ಷದಿಂದ ಅಲುಗಿರಲಿಲ್ಲ. ಕ್ಯಾಲಿಪರ್ ಹಿಡಿದು ಓದಿದವಳು ಮೊಮ್ಮಗಳು. ಅಳತೆಯನ್ನು ಅದೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದು, ಪುಟ ಮುಗಿಯುತ್ತ ಬಂತು, ಹೊಸದು ತರಬೇಕು ಎಂದು ತನ್ನ ದೊಡ್ಡಪ್ಪನಿಗೆ ಹೇಳಿದಳು. ಅವರು ಅಂದೇ ಸಂಜೆ ತಂದುಕೊಟ್ಟರು.